ಎಂಟರಲ್ಲಿ ಒಂದು ಪಾಲು: ನೇಪಾಳದ ತರಾಯಿಯ ದಾರಿಯಲ್ಲಿ

ನೇಪಾಳದ ಬಗ್ಗೆ ಮಾತು ಅಂದಾಗ ನಿಮ್ಮಲ್ಲಿ ಹಲವರು ಎವರೆಸ್ಟ್, ಪಶುಪತಿನಾಥ, ಮುಕ್ತಿನಾಥ ಎಲ್ಲ ಬರುತ್ತದೆ ಅಂದುಕೊಂಡಿರಬಹುದು. ಇವತ್ತು ನಾನು ಬೆಟ್ಟ ಹತ್ತುವುದಿಲ್ಲ. ಬೆಟ್ಟದ ಬುಡದಲ್ಲಿ ಬಿಹಾರ, ಉತ್ತರ ಪ್ರದೇಶಗಳ ಗಡಿಗೆ ಅಂಟಿಕೊಂಡು ಪೂರ್ವದಿಂದ ಪಶ್ಚಿಮದವರೆಗೆ ಹಬ್ಬಿರುವ ಬಯಲಿನ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ತರಾಯಿ. ಸಮುದ್ರಮಟ್ಟದಿಂದ 60 ಮೀಟರಿನಿಂದ 300 ಮೀಟರಿನಷ್ಟು ಎತ್ತರದ ನೆಲ. ನಮ್ಮ ಬೆಂಗಳೂರಿಗಿಂತ ಎಷ್ಟೋ ತಗ್ಗು. ನೇಪಾಳದ ನೆಲದಲ್ಲಿ ಇದು ಕಾಲು ಭಾಗವೂ ಆಗುವುದಿಲ್ಲ. ಆದರೆ ಆ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಇರುವುದು ಇಲ್ಲೇ.

ಈ ಬಯಲಿಗೆ ನಮ್ಮ ಕಡೆಯಿಂದ ಎರಡು ರೀತಿಯ ಜನ ಹೋಗುತ್ತಾರೆ. ಒಬ್ಬರು ಯಾತ್ರೆಯ ಬಸ್ಸಿನಲ್ಲಿ ಗೋರಖ್‌ಪುರದಿಂದ ಸುನೌಲಿ ಗಡಿ ದಾಟಿ ಲುಂಬಿನಿ ನೋಡುವವರು, ಇಲ್ಲವೇ ಜನಕಪುರದಲ್ಲಿ ಸೀತಾಮಾತೆಗೆ ಕೈ ಮುಗಿದು ಬರುವವರು. ಇನ್ನೊಬ್ಬರು ಕ್ಯಾಮೆರಾ ಹಿಡಿದು ಘೇಂಡಾಮೃಗ, ಹುಲಿ ನೋಡೋಕೆ ಚಿತ್ವನ್‌ಗೆ, ಬರ್ಡಿಯಾಕ್ಕೆ ಹೋಗುವವರು. ಇವರು ಅಲ್ಲಿಗೆ ಹೋಗುವುದಿಲ್ಲ, ಅವರು ಇಲ್ಲಿಗೆ ಬರುವುದಿಲ್ಲ. ನನ್ನ ಕೋರಿಕೆ ಇಷ್ಟೇ. ಎರಡನ್ನೂ ಒಂದೇ ಪ್ರಯಾಣದಲ್ಲಿ, ಒಂದೇ ರಸ್ತೆಯಲ್ಲಿ ನೋಡಿ. ಅಲ್ಲಿನ ಕಾಡಿನ ಕಥೆ ಮತ್ತು ಕ್ಷೇತ್ರಗಳ ಕಥೆ ಬೇರೆ ಬೇರೆ ಅಲ್ಲ. ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಜ್ವರದ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ತರಾಯಿ ಅರ್ಥವೇ ಆಗುವುದಿಲ್ಲ.

ನೇಪಾಳದ ಬೆಟ್ಟದ ಜನ ತರಾಯಿಯ ಮಲೇರಿಯಾವನ್ನು ಔಲ್ ಅಂತ ಕರೆಯುತ್ತಿದ್ದರು. ಚಳಿಗಾಲದಲ್ಲಿ ಕೆಳಗಿಳಿದು ಉಪ್ಪು, ಬಟ್ಟೆ ಕೊಂಡು, ಬೇಸಿಗೆ ಬರುವ ಮೊದಲೇ ಮೇಲಕ್ಕೆ ಓಡಿಬಿಡುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ಒಂದು ರಾತ್ರಿ ಮಲಗುವುದು ಅಂದರೆ ಸಾವನ್ನು ಕರೆದ ಹಾಗೆ ಅಂತ ನಂಬಿಕೆ. ಬೆಟ್ಟದ ಬುಡದ ದಟ್ಟ ಕಾಡಿಗೆ ಚಾರ್ ಕೋಸೆ ಝಾಡಿ ಅಂತ ಹೆಸರು. ನಾಲ್ಕು ಕೋಸು, ಅಂದರೆ ಹತ್ತು ಹನ್ನೆರಡು ಕಿಲೋಮೀಟರ್ ದಪ್ಪದ ಕಾಡಿನ ಪಟ್ಟಿ. ಕಠ್ಮಂಡುವಿನ ಅರಸರು ಈ ಕಾಡನ್ನು ಬೇಕಂತಲೇ ಉಳಿಸಿಕೊಂಡಿದ್ದರು. ಕಾಡು ಮತ್ತು ಜ್ವರ ಎರಡೂ ಸೇರಿ ದಕ್ಷಿಣದಿಂದ ಬರುವ ಬ್ರಿಟಿಷರ ಸೈನ್ಯವನ್ನು ತಡೆಯುತ್ತಿದ್ದವು.

ಹಾಗಂತ ಅಲ್ಲಿ ಯಾರೂ ಇರಲಿಲ್ಲ ಅಂತಲ್ಲ. ಥಾರು ಜನ ಇದ್ದರು. ಕಾಡಿನ ನಡುವೆ ಭತ್ತ ಬೆಳೆದುಕೊಂಡು, ಹೊಳೆಯಲ್ಲಿ ಮೀನು ಹಿಡಿದುಕೊಂಡು, ಮಣ್ಣು ಮೆತ್ತಿದ ಜೊಂಡಿನ ಗೋಡೆಯ ಮನೆಗಳಲ್ಲಿ ತಲೆಮಾರುಗಳಿಂದ ಬದುಕಿದ್ದರು. ಅವರಿಗೆ ಮಲೇರಿಯಾ ಅಷ್ಟಾಗಿ ತಟ್ಟುತ್ತಿರಲಿಲ್ಲ. ಇದು ಸುಮ್ನೆ ನಂಬಿಕೆಯಲ್ಲ. ಆಲ್ಫಾ ಥಲಸ್ಸೀಮಿಯಾ ಅನ್ನುವ ರಕ್ತದ ಗುಣವೊಂದು ಥಾರು ಜನರಲ್ಲಿ ಬಹಳ ಜಾಸ್ತಿ ಇದೆ, ಅದು ಮಲೇರಿಯಾದಿಂದ ಕಾಪಾಡುತ್ತದೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

1950ರ ದಶಕದಲ್ಲಿ ಅಮೆರಿಕದ ನೆರವಿನಿಂದ ಡಿಡಿಟಿ ಸಿಂಪಡಣೆ ಶುರುವಾಯಿತು. ನಮ್ಮ ಮಲೆನಾಡಿನಲ್ಲೂ ಅದೇ ಕಾಲದಲ್ಲಿ ಡಿಡಿಟಿಯವರು ಬಂದು ಗೋಡೆಗೆ ಹೊಡೆದು ಹೋಗುತ್ತಿದ್ದುದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ತರಾಯಿಯಲ್ಲಿ ಜ್ವರ ಇಳಿಯಿತು. ಬೆಟ್ಟದಿಂದ ಜನ ಪ್ರವಾಹದ ಹಾಗೆ ಇಳಿದರು. ಸರ್ಕಾರವೂ ಕರೆದು ಜಮೀನು ಕೊಟ್ಟಿತು. ಆಮೇಲೆ ಪೂರ್ವದ ಮೇಚಿ ನದಿಯಿಂದ ಪಶ್ಚಿಮದ ಮಹಾಕಾಳಿಯವರೆಗೆ ಸಾವಿರ ಕಿಲೋಮೀಟರಿಗೂ ಉದ್ದದ ಮಹೇಂದ್ರ ಹೆದ್ದಾರಿ ಬಂತು. ನಾನು ಹೇಳುವ ಪ್ರಯಾಣ ಹೆಚ್ಚುಕಡಿಮೆ ಆ ಹೆದ್ದಾರಿಯ ಮೇಲೆಯೇ. ಒಂದೇ ತಲೆಮಾರಿನಲ್ಲಿ ಕಾಡು ಕರಗಿ ಗದ್ದೆಯಾಯಿತು. ಥಾರು ಜನರ ಹತ್ತಿರ ಕಾಗದಪತ್ರ ಇರಲಿಲ್ಲ. ಎಷ್ಟೋ ಕುಟುಂಬಗಳು ತಾವೇ ಉತ್ತ ನೆಲದಲ್ಲಿ ಬೇರೆಯವರ ಆಳುಗಳಾದವು. ಪಶ್ಚಿಮ ತರಾಯಿಯಲ್ಲಿ ಇದು ಕಮೈಯಾ ಅನ್ನುವ ಜೀತವೇ ಆಗಿಹೋಯಿತು. ಅದನ್ನು ಸರ್ಕಾರ ರದ್ದು ಮಾಡಿದ್ದು 2000ನೇ ಇಸವಿಯ ಜುಲೈನಲ್ಲಿ. ಎಷ್ಟು ಇತ್ತೀಚೆಗೆ, ನೋಡಿ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ ಹೊರಡೋಣ. ಪೂರ್ವದಿಂದ ಪಶ್ಚಿಮಕ್ಕೆ.

ಮೊದಲು ಜನಕಪುರ. ನಮ್ಮ ಕಡೆಯಿಂದ ಸುಲಭದ ದಾರಿ ಬಿಹಾರದ ದರಭಂಗಾ ಮೇಲೆ. ಅಲ್ಲಿಂದ ಜಯನಗರ. ಜಯನಗರದಿಂದ ನೇಪಾಳದ ರೈಲು. 1937ರಲ್ಲಿ ಶುರುವಾದ ಪುಟ್ಟ ನ್ಯಾರೋ ಗೇಜ್ ಹಳಿ ಅದು. 2014ರಲ್ಲಿ ನಿಂತಿತ್ತು. ಬ್ರಾಡ್ ಗೇಜ್ ಆಗಿ 2022ರ ಏಪ್ರಿಲ್‌ನಲ್ಲಿ ಮತ್ತೆ ಓಡಿತು. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಜೊತೆಗಿರಲಿ. ನಮ್ಮ ನೂರು ರೂಪಾಯಿ ಅಲ್ಲಿ ನೂರ ಅರವತ್ತು. ಗಡಿಯಾರವನ್ನು ಕಾಲು ಗಂಟೆ ಮುಂದಿಡಿ.

ಜನಕಪುರದ ಜಾನಕಿ ಮಂದಿರ ನೋಡಿದರೆ ಮೊದಲಿಗೆ ಉತ್ತರ ಭಾರತದ ಯಾವುದೋ ಅರಮನೆ ಅನ್ನಿಸುತ್ತದೆ. ಗುಮ್ಮಟ, ಕಮಾನು, ಜಾಲರಿ. ಮಧ್ಯ ಭಾರತದ ಟೀಕಮ್‌ಗಢದ ರಾಣಿ ಕಟ್ಟಿಸಿದ್ದು. 1911ರ ಹೊತ್ತಿಗೆ ಮುಗಿಯಿತು. ಒಂಬತ್ತು ಲಕ್ಷ ಖರ್ಚಾಯಿತು ಅಂತ ಊರವರು ನೌಲಖಾ ಅಂತಲೂ ಕರೆಯುತ್ತಾರೆ. ಜನಕರಾಜನ ಊರಿನ ಗುಡಿಗೆ ಬರೀ ನೂರು ಚಿಲ್ಲರೆ ವರ್ಷವೇ ಅಂತ ನಿಮಗೆ ಅನ್ನಿಸಬಹುದು. ಅಲ್ಲಿಯ ಪರಂಪರೆ ಹೇಳುವುದು ಹೀಗೆ. ಜನಕನ ಊರು ಎಲ್ಲಿತ್ತು ಅನ್ನುವುದೇ ಮರೆತುಹೋಗಿ ಜಾಗ ಕಾಡಾಗಿತ್ತು. 17ನೇ ಶತಮಾನದಲ್ಲಿ ಸೂರ್‌ಕಿಶೋರ್ ದಾಸ್ ಅನ್ನುವ ಸಾಧುವಿಗೆ ಇಲ್ಲಿ ಸೀತೆಯ ಮೂರ್ತಿ ಸಿಕ್ಕಿತು. ಆಮೇಲೆ ಮಠಗಳು ಬಂದವು, ಊರು ಬೆಳೆಯಿತು. ಕಾಡು ಒಂದು ಊರನ್ನು ಮುಚ್ಚಿಟ್ಟು ಆಮೇಲೆ ಬಿಟ್ಟುಕೊಡುವುದು, ಈ ಮಾತು ಮುಂದೆಯೂ ಬರುತ್ತದೆ.

ಜನಕಪುರದಲ್ಲಿ ಗುಡಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನವರು ಸೀತಾರಾಮರನ್ನು ಕಾಣುವ ಬಗೆ. ಸೀತೆ ಊರಿನ ಮಗಳು. ರಾಮ ಊರಿನ ಅಳಿಯ. ದೇವರು ಅನ್ನುವ ಭಯಭಕ್ತಿಯ ಜೊತೆಗೇ ಅಳಿಯನನ್ನು ಕೆಣಕಿ ಹಾಡುವ ಸಲಿಗೆಯೂ ಇದೆ. ಮಾರ್ಗಶಿರ ಶುದ್ಧ ಪಂಚಮಿಯಂದು ವಿವಾಹ ಪಂಚಮಿ. ರಾಮ ಸೀತೆಯರ ಮದುವೆಯನ್ನು ಊರಿಗೆ ಊರೇ ಸೇರಿ ಮಾಡುತ್ತದೆ. ಕೆಲವು ವರ್ಷ ಅಯೋಧ್ಯೆಯಿಂದಲೂ ದಿಬ್ಬಣ ಬರುತ್ತದೆ. ಇಷ್ಟೆಲ್ಲ ಸಂಭ್ರಮ ಮಾಡುವ ಮಿಥಿಲೆಯವರು ತಮ್ಮ ಸ್ವಂತ ಹೆಣ್ಣುಮಕ್ಕಳ ಮದುವೆಯನ್ನು ಮಾತ್ರ ಆ ದಿನ ಇಟ್ಟುಕೊಳ್ಳುವುದಿಲ್ಲ. ಆ ಮುಹೂರ್ತದಲ್ಲಿ ಮದುವೆಯಾದ ನಮ್ಮ ಸೀತೆ ಏನು ಸುಖಪಟ್ಟಳು ಅಂತ ಕೇಳುತ್ತಾರೆ. ಇದು ಪುರಾಣದ ಪಾತ್ರದ ಬಗ್ಗೆ ಆಡುವ ಮಾತಿನ ಹಾಗಿಲ್ಲ. ಪಕ್ಕದ ಮನೆಯ ಹುಡುಗಿಯ ಬಗ್ಗೆ ಆಡುವ ಮಾತು.

ಆ ಊರಿನ ತುಂಬ ಕೆರೆಗಳಿವೆ. ಧನುಷ್ ಸಾಗರ, ಗಂಗಾ ಸಾಗರ ದೊಡ್ಡವು. ದೀಪಾವಳಿಯಾದ ಆರನೇ ದಿನ ಛಠ್ ಹಬ್ಬ. ಸಾವಿರಾರು ಹೆಂಗಸರು ನೀರಿನಲ್ಲಿ ನಿಂತು ಮುಳುಗುವ ಸೂರ್ಯನಿಗೆ, ಮರುದಿನ ಬೆಳಿಗ್ಗೆ ಹುಟ್ಟುವ ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ಸುತ್ತಲಿನ ಹಳ್ಳಿಗಳ ಕೊಳಗಳಲ್ಲಿ ಮಖಾನಾ ಬೆಳೆಯುತ್ತದೆ, ಈಗ ನಮ್ಮ ಅಂಗಡಿಗಳಲ್ಲೂ ಪೊಟ್ಟಣಗಳಲ್ಲಿ ಸಿಗುವ ಅದೇ ಮಖಾನಾ. ಊರಿನ ಪಕ್ಕದ ಕುವಾದಲ್ಲಿ ಜನಕಪುರ ಮಹಿಳಾ ವಿಕಾಸ ಕೇಂದ್ರ ಇದೆ. 1989ರಲ್ಲಿ ಶುರುವಾದದ್ದು. ಮದುವೆಗೆ, ಹಬ್ಬಕ್ಕೆ ಮಣ್ಣಿನ ಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ರಗಳನ್ನು ಅಲ್ಲಿಯ ಹೆಂಗಸರು ಕಾಗದದ ಮೇಲೆ ಬರೆದು ಮಾರುತ್ತಾರೆ. ಮಿಥಿಲಾ ಚಿತ್ರ ಕೊಳ್ಳುವ ಆಸೆ ಇದ್ದರೆ ಅಂಥ ಕಡೆ, ಬರೆದವರ ಎದುರೇ ಕೊಳ್ಳಿ.

ಜನಕಪುರದಿಂದ ಪಶ್ಚಿಮಕ್ಕೆ ಹೋಗುವಾಗ ದಾರಿ ಬಿಟ್ಟು ಗಡಿಯ ಕಡೆ ಸ್ವಲ್ಪ ತಿರುಗಿ ಅಂತ ಕನ್ನಡದವರಿಗೆ ನಾನು ವಿಶೇಷವಾಗಿ ಹೇಳುತ್ತೇನೆ. ಬಾರಾ ಜಿಲ್ಲೆಯಲ್ಲಿ ಸಿಮ್ರೌನ್‌ಗಢ ಅಂತ ಒಂದು ಊರಿದೆ. ಪ್ರವಾಸಿಗರು ಬಹಳ ಕಡಿಮೆ. ಸುಮಾರು 1097ರಲ್ಲಿ ನಾನ್ಯದೇವ ಅನ್ನುವ ಅರಸ ಇಲ್ಲಿ ರಾಜ್ಯ ಕಟ್ಟಿದ. ಅವನ ವಂಶ ತನ್ನನ್ನು ಕರೆದುಕೊಂಡದ್ದು ಕರ್ಣಾಟ ವಂಶ ಅಂತ. ಹೌದು, ನಮ್ಮ ಕರ್ಣಾಟವೇ! ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಉತ್ತರಕ್ಕೆ ದಂಡು ಹೋಗಿತ್ತು, ಆ ದಂಡಿನ ಜೊತೆ ಹೋದವರು ಅಲ್ಲಿ ನೆಲೆ ನಿಂತಿರಬೇಕು ಅಂತ ಇತಿಹಾಸಕಾರರು ಹೇಳುತ್ತಾರೆ. ನಾನ್ಯದೇವ ಸಂಗೀತಶಾಸ್ತ್ರದ ಮೇಲೆ ಸಂಸ್ಕೃತದಲ್ಲಿ ಗ್ರಂಥ ಬರೆದವನು. ಇದೇ ವಂಶದ ಕೊನೆಯ ಅರಸ ಹರಿಸಿಂಹದೇವನ ಆಸ್ಥಾನದಲ್ಲಿ ಮೈಥಿಲಿ ಭಾಷೆಯ ಮೊದಲ ಗದ್ಯ ಹುಟ್ಟಿತು. ಮೈಥಿಲ ಬ್ರಾಹ್ಮಣರು ಇವತ್ತಿಗೂ ಮದುವೆಗೆ ಮುಂಚೆ ನೋಡುವ ವಂಶಾವಳಿಯ ಪಂಜಿ ಪದ್ಧತಿಯನ್ನು ವ್ಯವಸ್ಥೆಗೆ ತಂದವನೂ ಅವನೇ ಅನ್ನುತ್ತಾರೆ. 1320ರ ದಶಕದಲ್ಲಿ ಘಿಯಾಸುದ್ದೀನ್ ತುಘಲಕ್‌ನ ಸೈನ್ಯ ಬಂತು. ಹರಿಸಿಂಹದೇವ ಬೆಟ್ಟದ ಕಡೆ ಓಡಿದ. ರಾಣಿ ದೇವಲದೇವಿ ಭಕ್ತಪುರದಲ್ಲಿ ಆಶ್ರಯ ಪಡೆದಳು. ರಾಜಧಾನಿಯನ್ನು ಕಾಡು ಮುಚ್ಚಿತು.

ಈಗ ಹೋದರೆ ನಿಮಗೆ ಕಾಣುವುದು ಮಣ್ಣಿನ ದಿಬ್ಬಗಳು, ಕೋಟೆಯ ಏರಿಗಳು, ಕೆರೆಗಳು, ಮರದ ಬುಡದಲ್ಲಿ ಇಟ್ಟು ಪೂಜಿಸುವ ಹಳೆಯ ಕಲ್ಲಿನ ಮೂರ್ತಿಗಳು. ಏನೂ ಇಲ್ಲವಲ್ಲ ಅನ್ನಿಸಬಹುದು. ಆದರೆ ಇಲ್ಲಿಂದ ಅಷ್ಟು ದೂರ ಹೋದ ಜನ ಇನ್ನೂರು ವರ್ಷಕ್ಕೂ ಮೇಲೆ ಮಿಥಿಲೆಯನ್ನು ಆಳಿ, ಅಲ್ಲಿಯ ಭಾಷೆಯನ್ನೇ ತಮ್ಮದು ಮಾಡಿಕೊಂಡು ಅದಕ್ಕೆ ಆಸರೆ ಕೊಟ್ಟರು. ನನಗೆ ಇದು ಬಹಳ ದೊಡ್ಡ ವಿಷಯ. ಶಾಲೆಯ ಪುಸ್ತಕದಲ್ಲಿ ನಾವು ಇದನ್ನು ಯಾಕೆ ಓದಲಿಲ್ಲ ಅಂತ ನನಗೆ ಇವತ್ತಿಗೂ ಬೇಸರ.

ಮತ್ತೆ ಹೆದ್ದಾರಿಗೆ ಬರೋಣ. ಪಥ್‌ಲೈಯಾ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಸಾಲ ಮರಗಳು. ಚಾರ್ ಕೋಸೆ ಝಾಡಿಯಲ್ಲಿ ಉಳಿದ ತುಂಡುಗಳು ಇವು. ಬುದ್ಧ ಹುಟ್ಟಿದ್ದು ಸಾಲವನದಲ್ಲಿ, ಮರದ ಕೊಂಬೆ ಹಿಡಿದು ಮಾಯಾದೇವಿ ಹೆತ್ತಳು ಅಂತ ಕೇಳಿದ್ದೀರಿ. ಆ ಸಾಲವನ ಹೇಗಿತ್ತು ಅಂತ ತಿಳಿಯಬೇಕಾದರೆ ಲುಂಬಿನಿಗಿಂತ ಇಲ್ಲಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವುದೇ ಒಳ್ಳೆಯದು.

ಚಿತ್ವನ್. ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನ. 1973ರಲ್ಲಿ ಆಯಿತು. 1984ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 950 ಚದರ ಕಿಲೋಮೀಟರಿಗೂ ಜಾಸ್ತಿ. ಮುಕ್ಕಾಲು ಪಾಲು ಸಾಲದ ಕಾಡು. ಉಳಿದದ್ದು ನದೀ ಬಯಲು, ಆನೆಯನ್ನೂ ಮುಚ್ಚುವಷ್ಟು ಎತ್ತರದ ಹುಲ್ಲು. ನಮ್ಮ ಬಂಡೀಪುರ, ನಾಗರಹೊಳೆ ನೋಡಿದವರಿಗೆ ಈ ಹುಲ್ಲೇ ಹೊಸದು. ಘೇಂಡಾಮೃಗ ಹತ್ತು ಅಡಿ ದೂರದಲ್ಲಿ ಇದ್ದರೂ ಕಾಣುವುದಿಲ್ಲ. ಉಸಿರು ಕೇಳಿಸುತ್ತದೆ, ಹುಲ್ಲು ಅಲ್ಲಾಡುತ್ತದೆ, ಅಷ್ಟೇ.

ಈ ಕಾಡು ಮೊದಲು ಉಳಿದದ್ದು ಬೇಟೆಗಾಗಿ. ಆಗ ನೇಪಾಳವನ್ನು ಆಳುತ್ತಿದ್ದ ರಾಣಾ ದೊರೆಗಳ ಬೇಟೆಯ ಮೈದಾನ ಇದು. 1911ರಲ್ಲಿ ದೆಹಲಿ ದರ್ಬಾರು ಮುಗಿಸಿ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆ ಇಲ್ಲಿಗೆ ಬಂದ. ಆ ಒಂದು ಬೇಟೆಯಲ್ಲಿ ಸತ್ತದ್ದು 39 ಹುಲಿ, 18 ಘೇಂಡಾಮೃಗ. ಅಷ್ಟಾದರೂ ಪ್ರಾಣಿಗಳು ಉಳಿದಿದ್ದವು. ಅವನ್ನು ನಿಜವಾಗಿ ಮುಗಿಸಿದ್ದು ಕಾಡು ಹೊಲವಾದದ್ದು. 1960ರ ದಶಕದ ಕೊನೆಗೆ ಚಿತ್ವನ್‌ನಲ್ಲಿ ಉಳಿದಿದ್ದ ಘೇಂಡಾಮೃಗ ನೂರರ ಆಸುಪಾಸು. ಆ ದಶಕದಲ್ಲೇ ಸರ್ಕಾರ ಎಚ್ಚೆತ್ತು, ಹೊಸದಾಗಿ ನೆಲೆಸಿದ್ದ ಸಾವಿರಾರು ಜನರನ್ನು ಎಬ್ಬಿಸಿತ್ತು. ಉದ್ಯಾನದ ಕಾವಲಿಗೆ ಸೈನ್ಯವೇ ಬಂತು. ಈಗಲೂ ಅಲ್ಲಿ ಕಾವಲಿರುವುದು ನೇಪಾಳಿ ಸೇನೆ. 2000ನೇ ಇಸವಿಗೆ ಚಿತ್ವನ್‌ನಲ್ಲಿ 544 ಘೇಂಡಾಮೃಗಗಳಾದವು. ಮಾವೋವಾದಿಗಳ ಜೊತೆಗಿನ ಅಂತರ್ಯುದ್ಧದ ಕಾಲದಲ್ಲಿ ಸೈನಿಕರು ಕಾವಲು ಠಾಣೆಗಳನ್ನು ಬಿಟ್ಟು ಹೋದರು. ಕಳ್ಳಬೇಟೆ ನುಗ್ಗಿತು. 2005ರಲ್ಲಿ 372ಕ್ಕೆ ಇಳಿಯಿತು. 2021ರ ಎಣಿಕೆಯಲ್ಲಿ 694. ಇಡೀ ನೇಪಾಳದಲ್ಲಿ 752. ಈ ಏರಿಳಿತದಲ್ಲಿ ಆ ದೇಶದ ರಾಜಕೀಯ ಚರಿತ್ರೆಯೇ ಇದೆ.

ಆದರೆ ಬರೀ ಬಂದೂಕಿನಿಂದ ಇದು ಆಗಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಶುರುವಿನ ಇಪ್ಪತ್ತು ವರ್ಷ ಸುತ್ತಲಿನ ಹಳ್ಳಿಯವರಿಗೆ ಉದ್ಯಾನ ಅಂದರೆ ಶತ್ರು. ಸೌದೆ ತರಂಗಿಲ್ಲ, ದನ ಮೇಯಿಸಂಗಿಲ್ಲ, ಮೀನು ಹಿಡಿಯಂಗಿಲ್ಲ. ರಾತ್ರಿ ಘೇಂಡಾಮೃಗ ಬಂದು ಗದ್ದೆ ಮೇಯ್ದು ಹೋದರೂ ಸುಮ್ಮನಿರಬೇಕು. ವರ್ಷಕ್ಕೊಂದು ಸಲ ಮಾತ್ರ ಮನೆಗೆ ಹೊದಿಸುವ ಹುಲ್ಲು, ಜೊಂಡು ಕೊಯ್ಯಲು ಒಳಗೆ ಬಿಡುತ್ತಿದ್ದರು. ಮೊದಲು ಇಪ್ಪತ್ತು ದಿನ ಇತ್ತು. ಬರಬರುತ್ತ ಕೆಲವೇ ದಿನಕ್ಕೆ ಇಳಿಯಿತು. 1993ರಲ್ಲಿ ಕಾನೂನು ತಿದ್ದಿದರು. ಉದ್ಯಾನದ ಸುತ್ತಲಿನ ಹಳ್ಳಿ, ಕಾಡುಗಳನ್ನು ಬಫರ್ ವಲಯ ಅಂತ ಮಾಡಿ, ಉದ್ಯಾನಕ್ಕೆ ಬರುವ ಆದಾಯದಲ್ಲಿ ಶೇಕಡ 30ರಿಂದ 50ರಷ್ಟು ಅಲ್ಲಿನ ಹಳ್ಳಿಗಳಿಗೆ ಖರ್ಚು ಮಾಡಬೇಕು ಅಂತ ಬರೆದರು. ಶಾಲೆ, ರಸ್ತೆ, ಬೇಲಿ, ಗೋಬರ್ ಗ್ಯಾಸ್, ಏನು ಬೇಕೋ ಹಳ್ಳಿಯ ಸಮಿತಿಗಳು ಹೇಳಬಹುದು. ಉದ್ಯಾನದ ಅಂಚಿನ ಊರು ಸೌರಹಾದ ಪಕ್ಕದ ಬಾಘ್‌ಮಾರಾ ಅನ್ನುವ ಸಮುದಾಯ ಅರಣ್ಯವನ್ನು ನೋಡಿ. ದನ ಮೇಯ್ದು ಬೋಳಾಗಿದ್ದ ನೆಲದಲ್ಲಿ ಊರವರೇ ಗಿಡ ನೆಟ್ಟರು. ಈಗ ಅಲ್ಲಿ ಘೇಂಡಾಮೃಗ ಮರಿ ಹಾಕುತ್ತದೆ. ಪ್ರವಾಸಿಗರು ಕೊಡುವ ಹಣ ಊರಿಗೆ ಬರುತ್ತದೆ.

ನಮ್ಮಲ್ಲೂ ಈ ಪ್ರಶ್ನೆ ಇದೆ, ಅಲ್ವಾ? ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು. ನಾಗರಹೊಳೆಯ ಜೇನುಕುರುಬರು ಇನ್ನೂ ಕೇಳುತ್ತಲೇ ಇದ್ದಾರೆ. ನೇಪಾಳದವರು ಎಲ್ಲ ಸರಿ ಮಾಡಿಬಿಟ್ಟರು ಅಂತ ನಾನು ಹೇಳುತ್ತಿಲ್ಲ. ಸಮಿತಿಗಳಲ್ಲಿ ಮಾತು ನಡೆಯುವುದು ಜಮೀನಿದ್ದವರದ್ದೇ, ಬಡ ಥಾರುಗಳಿಗೆ, ಮೀನು ಹಿಡಿದು ಬದುಕುವ ಬೋಟೆ ಜನರಿಗೆ ಸಿಗುವುದು ಕಡಿಮೆ ಅಂತ ಅಲ್ಲಿಯವರೇ ಹೇಳುತ್ತಾರೆ. ಆದರೂ ಪಾಲು ಅನ್ನುವುದು ಕಾನೂನಿನಲ್ಲಿ ಇದೆ. ಕೇಳಲು ಒಂದು ಆಧಾರ ಇದೆ.

ಚಿತ್ವನ್‌ನಲ್ಲಿ ಜೀಪಿನಲ್ಲಿ ಮಾತ್ರ ಹೋಗಬೇಡಿ. ಒಂದು ಬೆಳಿಗ್ಗೆಯಾದರೂ ನಡೆಯಿರಿ. ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಪ್ರವಾಸಿಗರಿಗೆ ಇದಕ್ಕೆ ಅವಕಾಶ ಇಲ್ಲ. ಅಲ್ಲಿ ಇದೆ. ಜೊತೆಗೆ ಇಬ್ಬರು ಗೈಡ್ ಇರುತ್ತಾರೆ, ಒಬ್ಬರು ಮುಂದೆ, ಒಬ್ಬರು ಹಿಂದೆ. ಕೈಯಲ್ಲಿ ಬಿದಿರು ಕೋಲು ಬಿಟ್ಟರೆ ಏನೂ ಇಲ್ಲ. ಹೊರಡುವ ಮೊದಲು ಪಾಠ ಹೇಳುತ್ತಾರೆ. ಘೇಂಡಾಮೃಗ ನುಗ್ಗಿದರೆ ಮರ ಹತ್ತಿ. ಮರ ಇಲ್ಲದಿದ್ದರೆ ನೇರ ಓಡಬೇಡಿ, ಅಂಕುಡೊಂಕಾಗಿ ಓಡಿ, ಅದಕ್ಕೆ ಕಣ್ಣು ಮಂದ. ಹುಲಿ ಎದುರಾದರೆ ಓಡಲೇಬೇಡಿ, ಅದರ ಮೇಲೆ ಕಣ್ಣಿಟ್ಟು ನಿಧಾನ ಹಿಂದೆ ಸರಿಯಿರಿ. ಕರಡಿ ಬಂದರೆ ಎಲ್ಲರೂ ಒಂದೇ ಕಡೆ ಒತ್ತಾಗಿ ನಿಂತು ಕೋಲು ನೆಲಕ್ಕೆ ಬಡಿಯಿರಿ. ಇದನ್ನೆಲ್ಲ ಗಂಭೀರವಾಗಿ ಕೇಳಿಸಿಕೊಳ್ಳಿ. ಅಲ್ಲಿ ಗೈಡ್‌ಗಳು ಪ್ರಾಣ ಕಳೆದುಕೊಂಡದ್ದೂ ಇದೆ.

ಯಾವಾಗ ಹೋಗಬೇಕು ಅಂತ ತುಂಬ ಜನ ಕೇಳುತ್ತಾರೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ತರಾಯಿಯ ಮೇಲೆ ಮಂಜು ಕವಿಯುತ್ತದೆ. ಕೆಲವೊಮ್ಮೆ ದಿನಗಟ್ಟಲೆ ಬಿಸಿಲೇ ಬರುವುದಿಲ್ಲ. ಹುಲ್ಲು ಕೊಯ್ದು ಸುಟ್ಟ ಮೇಲೆ, ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಹೋದರೆ ಎಳೆ ಚಿಗುರು ಮೇಯಲು ಪ್ರಾಣಿಗಳು ಬಯಲಿಗೆ ಬರುತ್ತವೆ. ಏಪ್ರಿಲ್, ಮೇ ಸುಡುವ ಬಿಸಿಲು. ಆದರೆ ಹುಲಿ ನೀರಿಗೆ ಬರುವ ಕಾಲ.

ಚಿತ್ವನ್‌ನ ಉತ್ತರಕ್ಕೆ ದೇವಘಾಟ್ ಇದೆ. ತ್ರಿಶೂಲಿ ಮತ್ತು ಕಾಳಿಗಂಡಕಿ ಸೇರಿ ನಾರಾಯಣಿ ಆಗುವ ಜಾಗ. ನಮ್ಮ ಮನೆಗಳಲ್ಲಿ ಪೂಜೆಗೆ ಇಡುವ ಸಾಲಿಗ್ರಾಮ ಬರುವುದು ಈ ಕಾಳಿಗಂಡಕಿಯಿಂದಲೇ. ಸಂಕ್ರಾಂತಿಗೆ ಅಲ್ಲಿ ದೊಡ್ಡ ಜಾತ್ರೆ. ಕೊನೆಗಾಲವನ್ನು ಅಲ್ಲೇ ಕಳೆಯಲು ಬಂದ ವಯಸ್ಸಾದವರು ಬಹಳ. ಅದೇ ನಾರಾಯಣಿ ಕೆಳಗೆ ಹರಿದು ಉದ್ಯಾನದ ಅಂಚು ಸೇರುತ್ತದೆ. ಅಲ್ಲಿ ಉದ್ದ ಮೂತಿಯ ಘರಿಯಾಲ್ ಮೊಸಳೆಗಳು ಮರಳ ಮೇಲೆ ಬಿಸಿಲು ಕಾಯುತ್ತವೆ. ಉದ್ಯಾನದೊಳಗಿನ ಕಸಾರಾದಲ್ಲಿ 1978ರಿಂದ ಅವುಗಳ ಮೊಟ್ಟೆ ತಂದು ಮರಿ ಮಾಡಿ ನದಿಗೆ ಬಿಡುತ್ತಿದ್ದಾರೆ.

ಅಲ್ಲಿಂದ ಬುಟ್ವಲ್ ಮೇಲೆ ಲುಂಬಿನಿಗೆ. ಆ ರಸ್ತೆ ವರ್ಷಗಟ್ಟಲೆ ಅಗಲ ಮಾಡುತ್ತಲೇ ಇದ್ದರು, ಧೂಳು ವಿಪರೀತ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಲುಂಬಿನಿಯ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. 1896ರ ಡಿಸೆಂಬರ್‌ವರೆಗೆ ಬುದ್ಧ ಎಲ್ಲಿ ಹುಟ್ಟಿದ ಅಂತ ಜಗತ್ತಿಗೆ ಖಚಿತವಾಗಿ ಗೊತ್ತಿರಲಿಲ್ಲ. 7ನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬಂದಿದ್ದ. ಸಿಡಿಲು ಹೊಡೆದು ಮುರಿದ ಕಂಬವೊಂದು ಇದೆ ಅಂತ ಬರೆದಿದ್ದ. ಆಮೇಲೆ ಬರುಬರುತ್ತ ಜಾಗ ಮರೆತುಹೋಯಿತು, ಗಿಡಗಂಟಿ ಬೆಳೆಯಿತು. ಹಳ್ಳಿಯವರು ಮಾತ್ರ ದಿಬ್ಬದ ಮೇಲಿನ ಒಂದು ಮೂರ್ತಿಯನ್ನು ರುಮ್ಮಿನ್‌ದೇಯಿ ಅಂತ ಊರ ದೇವಿಯಾಗಿ ಪೂಜಿಸುತ್ತಲೇ ಇದ್ದರು. ಅದು ಮಾಯಾದೇವಿ. ಪಾಲ್ಪಾದ ಗವರ್ನರ್ ಖಡ್ಗ ಶಮ್ಶೇರ್ ರಾಣಾ ಮತ್ತು ಫ್ಯೂರರ್ ಅನ್ನುವ ಜರ್ಮನ್ ವಿದ್ವಾಂಸ ಸೇರಿ ಕಂಬದ ಬುಡ ಅಗೆಸಿದಾಗ ಬ್ರಾಹ್ಮಿ ಬರಹ ಸಿಕ್ಕಿತು.

ಐದೇ ಸಾಲಿನ ಬರಹ ಅದು. ದೇವಾನಾಂಪ್ರಿಯ ಪ್ರಿಯದರ್ಶಿ ರಾಜನು ಪಟ್ಟವಾಗಿ ಇಪ್ಪತ್ತು ವರ್ಷವಾದಾಗ ತಾನೇ ಬಂದು ಪೂಜೆ ಮಾಡಿದ, ಇಲ್ಲಿ ಬುದ್ಧ ಹುಟ್ಟಿದ ಅಂತ ಕಲ್ಲು ನಿಲ್ಲಿಸಿದ. ಕ್ರಿ.ಪೂ. 249ರ ಸುಮಾರಿಗೆ. ಎಲ್ಲರೂ ಇಲ್ಲಿಗೇ ಓದಿ ನಿಲ್ಲಿಸುತ್ತಾರೆ. ಬರಹ ಅಲ್ಲಿಗೆ ನಿಲ್ಲುವುದಿಲ್ಲ. ಭಗವಂತ ಇಲ್ಲಿ ಹುಟ್ಟಿದ ಅಂತ ಲುಮ್ಮಿನಿ ಗ್ರಾಮದ ಕಂದಾಯ ತೆಗೆದು, ಬೆಳೆಯ ಪಾಲನ್ನು ಎಂಟರಲ್ಲಿ ಒಂದಕ್ಕೆ ಇಳಿಸಿದ ಅಂತ ಮುಗಿಯುತ್ತದೆ.

ದೊರೆಯೊಬ್ಬ ಯಾತ್ರೆಗೆ ಬಂದ. ಕೈ ಮುಗಿದ. ಕಂಬ ನಿಲ್ಲಿಸಿದ. ಆಮೇಲೆ ಈ ಜಾಗದಲ್ಲಿ ಉಳುವ ಜನರ ಕಡೆ ತಿರುಗಿ ನಿಮ್ಮ ಹೊರೆ ಇಷ್ಟು ಇಳಿಸಿದ್ದೇನೆ ಅಂದ. ಅದನ್ನೂ ಅದೇ ಕಲ್ಲಿನ ಮೇಲೆ ಬರೆಸಿದ. ಜಾಗ ಪವಿತ್ರವಾದರೆ ಅಲ್ಲಿ ಬದುಕುವವರಿಗೂ ಅದರಿಂದ ಏನಾದರೂ ಸಿಗಬೇಕು ಅನ್ನುವುದು ಅವನಿಗೆ ಹೊಳೆದಿತ್ತು. 1993ರ ಆ ಕಾನೂನನ್ನು ಬರೆದವರು ಇದನ್ನು ನೆನೆದರೋ ಇಲ್ಲವೋ, ನನ್ನ ಮನಸ್ಸಿನಲ್ಲಿ ಇವೆರಡೂ ಅಕ್ಕಪಕ್ಕ ನಿಂತಿವೆ.

ಇಲ್ಲಿ ನಮ್ಮ ಕಡೆಯದೊಂದು ಕೊಂಡಿ ಇದೆ. ಲುಂಬಿನಿಯ ಕಂಬದಲ್ಲಿ ಅಶೋಕ ಅನ್ನುವ ಹೆಸರೇ ಇಲ್ಲ. ದೇವಾನಾಂಪ್ರಿಯ ಅಂತ ಇದೆ, ಪ್ರಿಯದರ್ಶಿ ಅಂತ ಇದೆ. ಅವನು ಅಶೋಕನೇ ಅಂತ ವಿದ್ವಾಂಸರು ಬೇರೆ ಆಧಾರಗಳಿಂದ ಹೇಳುತ್ತಿದ್ದರು. ಕಲ್ಲಿನ ಮೇಲೆ ದೇವಾನಾಂಪ್ರಿಯ ಅಶೋಕ ಅಂತ ಒಟ್ಟಿಗೆ ಮೊದಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನುವ ಗಣಿ ಇಂಜಿನಿಯರ್‌ನ ಕಣ್ಣಿಗೆ ಬಿದ್ದ ಬಂಡೆ ಅದು. ಮಸ್ಕಿ ನೋಡಿ ಲುಂಬಿನಿಗೆ ಹೋಗಿ, ಇಲ್ಲವೇ ಲುಂಬಿನಿ ನೋಡಿ ಬಂದು ಮಸ್ಕಿಗೆ ಹೋಗಿ. ಎರಡರಲ್ಲಿ ಒಂದನ್ನು ಬಿಡಬೇಡಿ.

ಈಗಿನ ಲುಂಬಿನಿಗೆ ಬರೋಣ. 1967ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಊ ಥಾಂಟ್ ಬಂದು ನೋಡಿ, ಇದನ್ನು ಜಗತ್ತಿನ ಕ್ಷೇತ್ರ ಮಾಡಬೇಕು ಅಂದರು. ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಂಗೆ 1978ರಲ್ಲಿ ನಕ್ಷೆ ಮಾಡಿದರು. ಒಂದು ಮೈಲಿ ಅಗಲ, ಮೂರು ಮೈಲಿ ಉದ್ದ. ನಡುವೆ ಕಾಲುವೆ, ಒಂದು ಕಡೆ ಬೌದ್ಧರ ಥೇರವಾದ ಪಂಥದ ವಿಹಾರಗಳು, ಇನ್ನೊಂದು ಕಡೆ ಮಹಾಯಾನದವು. ಬಹಳ ಶಾಂತವಾದ ಜಾಗ. ಹೊಲಗಳಲ್ಲಿ ಆಳೆತ್ತರದ ಸಾರಸ್ ಪಕ್ಷಿಗಳು ಜೋಡಿಯಾಗಿ ತಿರುಗುತ್ತವೆ. ಮಾಯಾದೇವಿ ಗುಡಿಯ ಒಳಗೆ 2013ರಲ್ಲಿ ಪುರಾತತ್ವದವರು ಕ್ರಿ.ಪೂ. 6ನೇ ಶತಮಾನದ್ದು ಅನ್ನುವ ಮರದ ಕಟ್ಟಡದ ಗುರುತು ಕಂಡರು. ಗೂಟದ ಕುಳಿಗಳು, ನಡುವೆ ಬಯಲು, ಅಲ್ಲಿ ಮರವೊಂದು ಬೆಳೆದಿದ್ದರ ಬೇರಿನ ಕುರುಹು.

ಆದರೆ ಆ ಮೂರು ಮೈಲಿಯಲ್ಲಿ ಮೊದಲು ಹಳ್ಳಿಗಳಿದ್ದವು. ಅವನ್ನು ಎಬ್ಬಿಸಿದರು. ಸುತ್ತ ಈಗ ಇರುವವರಲ್ಲಿ ಹೆಚ್ಚಿನವರು ಮುಸ್ಲಿಮರು, ಮಧೇಸಿ ಅಂದರೆ ಬಯಲಿನ ಹಿಂದೂಗಳು. ಬೌದ್ಧರು ಕಡಿಮೆ. ಯಾತ್ರೆಯ ಬಸ್ಸು ಒಂದೆರಡು ಗಂಟೆ ನಿಂತು ಗಡಿ ದಾಟಿ ಹೊರಟುಬಿಡುತ್ತದೆ. ಅಷ್ಟರಲ್ಲಿ ಆ ಹಳ್ಳಿಗಳಿಗೆ ಏನು ಸಿಗುತ್ತದೆ? ಹಾಗಾಗಿ ದಯವಿಟ್ಟು ಅಲ್ಲಿ ರಾತ್ರಿ ಉಳಿಯಿರಿ. ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಬುದ್ಧನ ತಂದೆ ಶುದ್ಧೋದನನ ಊರು ಇದ್ದದ್ದು ಅನ್ನುವ ತಿಲೌರಾಕೋಟ್ ಪಶ್ಚಿಮಕ್ಕೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಸಿದ್ಧಾರ್ಥ ಮನೆ ಬಿಟ್ಟು ಹೊರಟ ಅನ್ನುವ ಪೂರ್ವದ ಬಾಗಿಲಿನ ಇಟ್ಟಿಗೆ ತಳಪಾಯ ಅಲ್ಲಿದೆ. ಒಬ್ಬ ಪ್ರವಾಸಿಯೂ ಇಲ್ಲದ ಮಧ್ಯಾಹ್ನಗಳು ಅಲ್ಲಿ ಸಿಗುತ್ತವೆ.

ಕೊನೆಯದು ಬರ್ಡಿಯಾ. ಪಶ್ಚಿಮದ ಕರ್ಣಾಲಿ ನದಿಯ ದಡ. 968 ಚದರ ಕಿಲೋಮೀಟರ್. ಹುಲಿ ನೋಡಬೇಕು ಅನ್ನುವವರು ಇಲ್ಲಿಗೇ ಹೋಗಿ. ಪ್ರವಾಸಿಗರು ಚಿತ್ವನ್‌ಗಿಂತ ಎಷ್ಟೋ ಕಡಿಮೆ. 2009ರ ಹೊತ್ತಿಗೆ ಇಲ್ಲಿ ಇದ್ದದ್ದು 18 ಹುಲಿ. 2022ಕ್ಕೆ 125. ಇಡೀ ನೇಪಾಳದಲ್ಲಿ 121 ಇದ್ದ ಹುಲಿ ಇದೇ ಅವಧಿಯಲ್ಲಿ 355 ಆಯಿತು. ಜಗತ್ತೇ ಹೊಗಳಿತು.

ಆ ಎಣಿಕೆ ಹೊರಬಿದ್ದದ್ದು 2022ರ ಜುಲೈನಲ್ಲಿ. ಅದಕ್ಕೆ ಸುಮಾರು ಎರಡು ತಿಂಗಳು ಮೊದಲು, ಜೂನ್‌ನಲ್ಲಿ, ಇದೇ ಬರ್ಡಿಯಾದ ಜನ ಕಾಡುಪ್ರಾಣಿಗಳಿಂದ ನಮ್ಮನ್ನು ಕಾಪಾಡಿ ಅಂತ ಹೆದ್ದಾರಿಗೆ ಇಳಿದಿದ್ದರು. ಪೊಲೀಸರು ಗುಂಡು ಹಾರಿಸಿದರು. ಒಬ್ಬ ಹುಡುಗಿ ಸತ್ತಳು. ನಾನು ಎಲ್ಲಿ ಹುಲಿಯ ಸಂಖ್ಯೆ ಹೇಳಿದರೂ ಇದನ್ನೂ ಸೇರಿಸಿಯೇ ಹೇಳುತ್ತೇನೆ. ಹುಲಿಗೆ ಸಿಕ್ಕಿ ಸಾಯುವವರು ಬಹುತೇಕ ಹುಲ್ಲಿಗೆ, ಸೌದೆಗೆ ಕಾಡಿನ ಅಂಚಿಗೆ ಹೋದ ಬಡವರು. ಅದರಲ್ಲಿ ಜೀತದಿಂದ ಬಿಡುಗಡೆಯಾಗಿ, ಜಮೀನು ಸಿಗದೆ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡ ಕಮೈಯಾ ಕುಟುಂಬದವರೂ ಇದ್ದಾರೆ. ಸತ್ತರೆ ಸರ್ಕಾರ 10 ಲಕ್ಷ ನೇಪಾಳಿ ರೂಪಾಯಿ ಕೊಡುತ್ತದೆ. ಅದು ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ.

ಬರ್ಡಿಯಾದಿಂದ ದಕ್ಷಿಣಕ್ಕೆ ನಮ್ಮ ಉತ್ತರ ಪ್ರದೇಶದ ಕತರ್ನಿಯಾಘಾಟ್ ಕಾಡಿನವರೆಗೆ ಖಾತಾ ಅನ್ನುವ ಪಟ್ಟಿ ಇದೆ. ಹುಲಿ, ಆನೆ, ಘೇಂಡಾಮೃಗ ಗಡಿ ದಾಟುವುದು ಈ ದಾರಿಯಲ್ಲೇ. ಇದು ಉದ್ಯಾನದ ಒಳಗಿಲ್ಲ. ಹಳ್ಳಿಗಳು, ಗದ್ದೆಗಳು, ಊರವರೇ ಬೆಳೆಸಿದ ಸಮುದಾಯ ಅರಣ್ಯಗಳು. ಹಳ್ಳಿಯ ಹುಡುಗ ಹುಡುಗಿಯರೇ ತಂಡ ಕಟ್ಟಿ ಕಳ್ಳಬೇಟೆ ಕಾಯುತ್ತಾರೆ. ಅಲ್ಲಿಯ ದಲ್ಲಾ ಅನ್ನುವ ಊರಿನಲ್ಲಿ ಥಾರು ಮನೆಗಳಲ್ಲೇ ಉಳಿಯಬಹುದು. ಮನೆಯ ಹೆಂಗಸರೇ ನಡೆಸುತ್ತಾರೆ. ಅವರ ಅಡಿಗೆ ತಿನ್ನಿ. ಹಬೆಯಲ್ಲಿ ಬೇಯಿಸಿದ ಅಂಟು ಅಕ್ಕಿಯ ಅನ್ನ ಇರುತ್ತದೆ, ಹೊಳೆಯ ಮೀನು ಇರುತ್ತದೆ, ಬಸವನಹುಳುವಿನ ಸಾರು ಕೂಡ. ಮಾಂಸ ತಿನ್ನದವರಿಗೆ ಬೇಳೆ, ಸೊಪ್ಪು ಮಾಡಿಕೊಡುತ್ತಾರೆ.

ಉದ್ಯಾನದೊಳಗೆ ಹೋಗುವಾಗ ಪ್ರವೇಶದ ಚೀಟಿ ನಿಮ್ಮ ಹೆಸರಿನಲ್ಲೇ ಕೇಳಿ ಪಡೆಯಿರಿ. ಹಳ್ಳಿಗಳ ಪಾಲು ಲೆಕ್ಕ ಹಾಕುವುದು ಆ ದುಡ್ಡಿನ ಮೇಲೆಯೇ. ಗೈಡ್ ಆ ಊರಿನವರೇ ಆಗಿರಲಿ. ಸಾಯಂಕಾಲ ದಲ್ಲಾದ ಅಂಗಳದಲ್ಲಿ ಕೂತಾಗ ಹುಲಿಯ ಬಗ್ಗೆ ಕೇಳಿ. ಯಾರ ಹಸು ಹೋಯಿತು, ಪರಿಹಾರ ಬಂತಾ, ಗೋಬರ್ ಗ್ಯಾಸ್ ಬಂದ ಮೇಲೆ ಸೌದೆಗೆ ಕಾಡಿಗೆ ಹೋಗುವುದು ತಪ್ಪಿತಾ, ಎಲ್ಲ ಕೇಳಿ. ಹಿಂದಿ ಬಂದರೆ ಸಾಕು, ಅವರು ಚೆನ್ನಾಗಿ ಮಾತಾಡುತ್ತಾರೆ. ವಾಪಸ್ ಬರಲು ನೇಪಾಲ್‌ಗಂಜ್‌ಗೆ ಬನ್ನಿ, ಗಡಿ ದಾಟಿದರೆ ರುಪೈಡಿಹಾ, ಅಲ್ಲಿಂದ ಲಕ್ನೋಗೆ ಬಸ್ಸು ಸಿಗುತ್ತದೆ.